ಎದೆಯೆತ್ತರದ ಗಂಬೂಟು: ಅಳಿವೆಯಲ್ಲಿ ನಿಲ್ಲುವವರೂ ಬಾತು ಬೇಟೆಗೆ ಹೋಗುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಬಂದರಿನ ದಕ್ಕೆಯ ಹತ್ತಿರ ಗಂಬೂಟು, ಮಳೆಯಂಗಿ, ವೇಡರ್‌ಗಳಿಗೆ (ನೀರಿನಲ್ಲಿ ನಿಲ್ಲಲು ಹಾಕುವ, ಪಾದದಿಂದ ಮೇಲಕ್ಕೆ ಬರುವ ನೀರು ನುಗ್ಗದ ಉಡುಪು) ತೇಪೆ ಹಾಕಿಕೊಡುವುದು ನನ್ನ ಕೆಲಸ. ಹರಿದದ್ದನ್ನು ಹಿಡಿದುಕೊಂಡು ಬಂದವರು ಸುಮ್ಮನೆ ಕೂರುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಸಸಿಹಿತ್ಲು, ಕೋಡಿಬೆಂಗ್ರೆ, ಗಂಗೊಳ್ಳಿ ಕಡೆಯ ಗಾಳದವರು, ಸಿಗಡಿ ಕೆರೆಯವರು, ಹಕ್ಕಿಗಳ ಫೋಟೊ ತೆಗೆಯುವವರು ಒಂದು ಬಗೆ. ಮಕ್ಕಳು ಕೆನಡಾ, ಅಮೆರಿಕ ಸೇರಿದ ಮನೆಯವರು ಇನ್ನೊಂದು ಬಗೆ. ಅವರು ಕೇಳುವುದು ಹೆಚ್ಚಾಗಿ ಬಾತು ಬೇಟೆಯ ವೇಡರ್ ಬಗ್ಗೆ, ಅದೂ ಕಾಗದದಲ್ಲೋ ಮೊಬೈಲ್ ಸಂದೇಶದಲ್ಲೋ. ಇಬ್ಬರಿಗೂ ಬೇಕಾದ ವಸ್ತು ಹೊರಗಿನಿಂದ ಒಂದೇ ಥರ ಕಾಣುತ್ತದೆ, ಒಳಗೆ ಸಂಬಂಧವೇ ಇಲ್ಲ. ಆದ್ದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

## ಮೊದಲು ಕೇಳುವವು

ವೇಡರ್ ಎಂದರೆ ಉದ್ದದ ಗಂಬೂಟೇ ಅಲ್ಲವೇ?

ಹಾಗೆಂದುಕೊಂಡರೂ ನಷ್ಟವಿಲ್ಲ. ತೊಡೆಯವರೆಗೆ ಬಂದು ಸೊಂಟದ ಬೆಲ್ಟಿಗೆ ಸಿಕ್ಕಿಸುವುದು ಒಂದು, ಸೊಂಟದವರೆಗಿನದು ಒಂದು, ಎದೆಯವರೆಗೆ ಬಂದು ಹೆಗಲ ಪಟ್ಟಿಯ ಮೇಲೆ ನಿಲ್ಲುವುದು ಒಂದು. ಅಳಿವೆಯಲ್ಲಿ ಕೆಲಸ ಇರುವವರು ಎದೆಯವರೆಗಿನದನ್ನೇ ಕೊಳ್ಳಬೇಕು. ನಮ್ಮ ಕಡಲಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಒಂದೂವರೆ ಮೀಟರ್‌ವರೆಗೆ ಅಂತರ ಬೀಳುತ್ತದೆ. ಬೆಳಗ್ಗೆ ಮೊಣಕಾಲಿಗಿದ್ದ ನೀರು ಗಾಳ ಸುತ್ತುವ ಹೊತ್ತಿಗೆ ಸೊಂಟ ದಾಟಿರುತ್ತದೆ. ತೊಡೆಯವರೆಗಿನದು ಗದ್ದೆಗೆ, ತೋಡಿಗೆ, ಸಿಗಡಿ ಕೆರೆಯ ಅಂಚಿಗೆ ಸಾಕು. ಅದರೊಳಗೆ ಒಮ್ಮೆ ನೀರು ನುಗ್ಗಿದರೆ ನಡೆಯುವುದೇ ಕಷ್ಟ.

ಚಿಕ್ಕಂದಿನಿಂದ ಬರಿಗಾಲಲ್ಲೇ ಮರುವಾಯಿ (ಚಿಪ್ಪುಮೀನು) ಹೆಕ್ಕಿದವರು ನಾವು. ಇದೆಲ್ಲ ಯಾಕೆ ಮಾರಾಯ್ರೇ?

ಹೊಯಿಗೆಯ ನೆಲ, ತಿಳಿನೀರು, ಇಳಿತದ ಹೊತ್ತು ಆಗಿದ್ದರೆ ಬೇಡವೇ ಬೇಡ. ಬರಿಗಾಲಿಗೆ ಮರುವಾಯಿ ಸಿಗುವಷ್ಟು ಚೆನ್ನಾಗಿ ರಬ್ಬರ್ ಅಡಿಗೆ ಸಿಗುವುದಿಲ್ಲ, ಅದು ನಿಮಗೇ ಗೊತ್ತು.

ಬೇಕಾಗುವುದು ಬೇರೆ ಕಡೆ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿಗೂ ಕಟ್ಟೆಯ ಕಲ್ಲಿಗೂ ಅಂಟಿಕೊಂಡ ಸಿಂಪಿಯ ಅಂಚು ಬ್ಲೇಡಿನಷ್ಟೇ ಹರಿತ. ಕೊಯ್ದದ್ದು ನೀರಿನೊಳಗೆ ಗೊತ್ತಾಗುವುದೂ ಇಲ್ಲ, ದಡಕ್ಕೆ ಬಂದ ಮೇಲೆ ರಕ್ತ ಕಾಣುತ್ತದೆ. ಬೆಚ್ಚನೆಯ ಚೌಳು ನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ತೆರೆದ ಗಾಯದ ಮೂಲಕ ಅದು ಒಳಗೆ ಹೋದರೆ, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ಯಕೃತ್ತಿನ ತೊಂದರೆ ಇರುವವರಿಗೆ, ಕಾಲು ಊದಿ ನೋವು ಏರುವುದು ಗಂಟೆಗಳ ಲೆಕ್ಕದಲ್ಲಿ. ಅಂಥ ಗಾಯಕ್ಕೆ ಅರಸಿನ ಮೆತ್ತಿ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಮಳೆಗಾಲದಲ್ಲಿ ಗದ್ದೆ, ತೋಡಿನ ಸಿಹಿನೀರಿಗೆ ಇಳಿಯುವವರಿಗೆ ಇಲಿಜ್ವರದ ಭಯ ಬೇರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಅದು ವರ್ಷ ವರ್ಷವೂ ಕಾಣಿಸಿಕೊಳ್ಳುವ ರೋಗ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಒಡಕಿನಿಂದ ಮೈ ಸೇರುತ್ತದೆ. ಅದಕ್ಕೆ ಮೊಣಕಾಲಿನವರೆಗಿನ ಸಾದಾ ಗಂಬೂಟೂ ಬಹಳ ಮಟ್ಟಿಗೆ ತಡೆ.

ತೊರಕೆ ಎಂಬ ಚಪ್ಪಟೆ ಮೀನಿನ ವಿಷಯದಲ್ಲಿ ಮಾತ್ರ ವೇಡರ್ ನಂಬಬೇಡಿ. ಅದರ ಬಾಲದ ಮುಳ್ಳು ವೇಡರ್‌ನ ಪಿವಿಸಿ ಪ್ಲಾಸ್ಟಿಕ್ಕನ್ನೂ ನಿಯೋಪ್ರೀನ್ ರಬ್ಬರನ್ನೂ ದಾಟುತ್ತದೆ. ಹೆಜ್ಜೆ ಎತ್ತಿ ಇಡದೆ ಪಾದವನ್ನು ನೆಲಕ್ಕೆ ತಾಗಿಸಿ ಜಾರಿಸುತ್ತಾ ನಡೆದರೆ ಹೊಯಿಗೆಯಡಿ ಮಲಗಿದ ತೊರಕೆ ತಾನೇ ಸರಿದು ಹೋಗುತ್ತದೆ. ಚುಚ್ಚಿತೆಂದಾದರೆ ಸುಡದಂತೆ, ಆದರೆ ತಡೆಯಲು ಸಾಧ್ಯವಾಗುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟುಕೊಂಡರೆ ನೋವು ಇಳಿಯುತ್ತದೆ. ಮುಳ್ಳಿನ ತುಂಡು ಒಳಗೆ ಉಳಿದಿದೆಯೇ ಎಂದು ವೈದ್ಯರೇ ನೋಡಬೇಕು.

ವೇಡರ್ ತೆಗೆದುಕೊಂಡರೆ ಇಲ್ಲೇ ಬಾತು ಹೊಡೆಯಬಹುದೇ?

ಹೊಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಬಾತುಗಳಿಗೆ ರಕ್ಷಣೆ ಇದೆ. ಗುಂಡು ಹಾರಿಸುವುದಷ್ಟೇ ಬೇಟೆಯೆಂದು ತಿಳಿಯಬೇಡಿ. ಉರುಲು ಒಡ್ಡುವುದು, ಆಮಿಷ ಇಡುವುದು, ಮೊಟ್ಟೆ ತೆಗೆಯುವುದು, ಹಾಗೆ ಪ್ರಯತ್ನ ಮಾಡುವುದು ಎಲ್ಲವೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಜೈಲು ಮತ್ತು ದಂಡ ಎರಡೂ ಆಗಬಹುದು. ಅಜ್ಜನ ಕಾಲದ ಕೋವಿ, ಅಜ್ಜನ ಕಾಲದ ಕಥೆ ಎರಡೂ ಮನೆಯಲ್ಲೇ ಇರಲಿ. ಚಳಿಗಾಲದಲ್ಲಿ ಅಳಿವೆಗೆ ಬರುವ ಸೂಜಿಬಾಲದ ಬಾತುಗಳನ್ನೂ ಕೆರೆಗಳಲ್ಲಿರುವ ಶಿಳ್ಳೆ ಬಾತುಗಳನ್ನೂ ನೋಡಲು, ಫೋಟೊ ತೆಗೆಯಲು ವೇಡರ್ ಹಾಕಿಕೊಂಡು ನಿಂತರೆ ಯಾರ ತಕರಾರೂ ಇಲ್ಲ, ಹಿಂಡನ್ನು ಎಬ್ಬಿಸದಿದ್ದರೆ ಆಯಿತು.

ಅಮೆರಿಕ, ಕೆನಡಾದಲ್ಲಿ ಬೇಟೆಗೆ ಅವಕಾಶ ಇದೆ, ಆದರೆ ಋತು, ದಿನದ ಮಿತಿ, ಪರವಾನಗಿ ಎಲ್ಲ ಬಿಗಿ. ಅಮೆರಿಕದಲ್ಲಿ 1934ರಿಂದಲೂ ಡಕ್ ಸ್ಟ್ಯಾಂಪ್ ಎಂಬ ಚೀಟಿ ಇದೆ. 16 ವರ್ಷ ತುಂಬಿದವರು ಅದಿಲ್ಲದೆ ಬಾತಿನ ಬೇಟೆಗೆ ಇಳಿಯುವಂತಿಲ್ಲ. ಅದರ ಹಣ ಜೌಗು ನೆಲಗಳ ರಕ್ಷಣೆಗೆ ಹೋಗುತ್ತದೆ.

## ಬೆಚ್ಚಗಿನ ಮಾತು

ನಿಯೋಪ್ರೀನ್ ಅತ್ಯುತ್ತಮ ಎನ್ನುತ್ತಾರೆ. ನೇತ್ರಾವತಿಯಲ್ಲಿ ನಿಲ್ಲಲು ಅದನ್ನೇ ತರಿಸಲೇ?

ಬೇಡ. ನಿಯೋಪ್ರೀನ್ ಎಂದರೆ ಒಳಗೆ ಸಾವಿರಾರು ಮುಚ್ಚಿದ ಗಾಳಿಗುಳ್ಳೆಗಳಿರುವ ಕೃತಕ ರಬ್ಬರ್ ಹಾಳೆ. ಆ ಗುಳ್ಳೆಗಳು ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಬೆವರನ್ನೂ ಬಿಡುವುದಿಲ್ಲ. ನಮ್ಮ ಕಡಲ ನೀರು ವರ್ಷದ ಬಹುಪಾಲು 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಾರ್ಚ್ ತಿಂಗಳ ಹತ್ತು ಗಂಟೆಯ ಬಿಸಿಲಿಗೆ ಐದು ಮಿಲಿಮೀಟರ್ ನಿಯೋಪ್ರೀನ್ ಹಾಕಿ ಕುದ್ರುವಿನವರೆಗೆ (ಹೊಳೆಯ ನಡುವಿನ ದ್ವೀಪ) ನಡೆದರೆ ನೀವು ಇಡ್ಲಿ ಅಟ್ಟದೊಳಗಿನ ಹಿಟ್ಟು. ತಲೆ ಸುತ್ತು, ವಾಕರಿಕೆ ಬಂದರೆ ಅದು ಸೆಖೆಯ ಆಘಾತದ ಮುನ್ಸೂಚನೆ. ಕೂಡಲೇ ನೆರಳಿಗೆ ಬಂದು ಕಳಚಬೇಕು.

ಇಲ್ಲಿಗೆ ಬೇಕಾದದ್ದು ತೆಳುವಾದ, ಸಡಿಲವಾದ, ಒಳಪದರ ಇಲ್ಲದ ವೇಡರ್. ನೈಲಾನ್ ಬಟ್ಟೆಗೆ ಪಿವಿಸಿ ಹಚ್ಚಿದ್ದು ಸಾಮಾನ್ಯ ಕೆಲಸಕ್ಕೆ ಸಾಕು. ಒಳಗೆ ತೆಳುವಾದ ಆಟದ ಬಿಗಿಪ್ಯಾಂಟು ಹಾಕಿ. ಲುಂಗಿಯನ್ನು ಮಡಚಿ ಒಳಗೆ ತುರುಕುವವರಿದ್ದಾರೆ, ಅದು ತೊಡೆಸಂದಿನಲ್ಲಿ ಮುದ್ದೆಯಾಗಿ ಚರ್ಮವನ್ನೂ ಉಜ್ಜುತ್ತದೆ, ವೇಡರ್‌ನ ಹೊಲಿಗೆಯನ್ನೂ ಎಳೆಯುತ್ತದೆ.

ಮಗ ಕೆನಡಾದ ಮ್ಯಾನಿಟೋಬಾದಲ್ಲಿದ್ದಾನೆ. ಗೆಳೆಯರ ಜೊತೆ ಬಾತು ಬೇಟೆಗೆ ಹೋಗುತ್ತಾನಂತೆ. ಅವನಿಗೆ ಎಂಥದ್ದು ಬೇಕು?

ಉಡುಪಿಯ ಒಬ್ಬ ಅಮ್ಮ ಕೇಳಿದ್ದು ಇದನ್ನು, ಮಗನಿಗೆ ಹೇಳಿದರೆ ಕೇಳುವುದಿಲ್ಲ ಎಂಬ ಷರಾ ಸಮೇತ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾತು ಬೇಟೆಯ ಕಷ್ಟ ಇರುವುದು ಸುಮ್ಮನೆ ನಿಲ್ಲುವುದರಲ್ಲಿ. ಹೊಳೆಯಲ್ಲಿ ಟ್ರೌಟ್ ಮೀನು ಹಿಡಿಯುವವನು ನಡೆಯುತ್ತಲೇ ಇರುತ್ತಾನೆ, ಮೈ ಬೆಚ್ಚಗಿರುತ್ತದೆ. ಬಾತಿನ ಬೇಟೆಗಾರ ಬೆಳಕು ಹರಿಯುವ ಮೊದಲೇ ಜೌಗಿಗೆ ಇಳಿದು, ಮರದ ಅಥವಾ ಪ್ಲಾಸ್ಟಿಕ್ಕಿನ ನಕಲಿ ಬಾತುಗಳನ್ನು ತೇಲಿಬಿಟ್ಟು, ಜೊಂಡಿನ ಮರೆಯಲ್ಲಿ ಗಂಟೆಗಟ್ಟಲೆ ಅಲುಗದೆ ಕಾಯುತ್ತಾನೆ. ಮ್ಯಾನಿಟೋಬಾ ಸರೋವರದ ದಕ್ಷಿಣ ದಂಡೆಯ ಡೆಲ್ಟಾ ಮಾರ್ಷ್ ಇಂಥ ಬೇಟೆಗೆ ಹೆಸರಾದ ಜಾಗ. ಅಕ್ಟೋಬರ್ ಕಳೆಯುವ ಹೊತ್ತಿಗೆ ಅಲ್ಲಿ ನೀರಿನ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಲು ಶುರುವಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ನೀರಿನಲ್ಲಿರುವ ಕಾಲಿಗೆ ಬೇಕಾದ ರಕ್ಷಣೆ ಗಾಳಿಯಲ್ಲಿರುವ ಮೈಗಿಂತ ಹೆಚ್ಚು.

ಆಯ್ಕೆ ಎರಡು. ಐದು ಮಿಲಿಮೀಟರ್ ನಿಯೋಪ್ರೀನ್ ಒಂದು: ಬೆಲೆ ಕಡಿಮೆ, ಬೆಚ್ಚಗೆ, ಸ್ವಲ್ಪ ತೇಲುತ್ತದೆ ಕೂಡ, ಆದರೆ ಭಾರ, ದೋಣಿಯವರೆಗೆ ದೂರ ನಡೆಯಬೇಕಾದರೆ ಒಳಗೆ ಬೆವರು, ಆ ಬೆವರೇ ಆಮೇಲೆ ತಣ್ಣಗಾಗಿ ನಡುಕ. ಮೂರೂವರೆ ಮಿಲಿಮೀಟರ್‌ನದು ಋತುವಿನ ಆರಂಭಕ್ಕೆ ಸಾಕು. ಇನ್ನೊಂದು, ಬೆವರಿನ ಹಬೆ ಹೊರಗೆ ಬಿಡುವ ಬ್ರೀದಬಲ್ ಬಟ್ಟೆಯ ವೇಡರ್, ಒಳಗೆ ಜಿಪ್ ಬಿಚ್ಚಿ ತೆಗೆಯಬಹುದಾದ ಬೆಚ್ಚನೆಯ ಪದರ. ಸೆಪ್ಟೆಂಬರ್‌ನಲ್ಲಿ ಪದರ ತೆಗೆದು, ನವೆಂಬರ್‌ನಲ್ಲಿ ಹಾಕಿ ಬಳಸಬಹುದು. ಬೆಲೆ ಮಾತ್ರ ನಿಯೋಪ್ರೀನಿನ ಎರಡು ಮೂರು ಪಟ್ಟು. ನಡೆಯುವುದು ಹೆಚ್ಚಿದ್ದರೆ ಎರಡನೆಯದು, ದೋಣಿಯಿಂದ ಇಳಿದು ನಿಲ್ಲುವುದಷ್ಟೇ ಇದ್ದರೆ ಮೊದಲನೆಯದು ಎಂಬುದು ನನ್ನ ಲೆಕ್ಕ. ಬೇಟೆಗಾರರ ವೇಡರ್‌ಗೆ ಎದೆಯ ಮೇಲೆ ಕೈ ಬೆಚ್ಚಗಿಡುವ ಜೇಬು, ತೋಟೆ ಇಡುವ ಪಟ್ಟಿ ಇರುತ್ತವೆ. ಕೈ ಜೇಬನ್ನು ಮೊದಲು ನೋಡಲಿ, ತೋಟೆ ಎಲ್ಲಿ ಬೇಕಾದರೂ ಇಡಬಹುದು.

ಇಲ್ಲಿಂದ ಹತ್ತಿಯ ಬನಿಯನ್ನು, ಕಾಲುಚೀಲ ಕಟ್ಟಿ ಕಳಿಸಬೇಡಿ ಅಮ್ಮ. ಒದ್ದೆಯಾದ ಹತ್ತಿ ಮೈಗೆ ಅಂಟಿ ಬಿಸಿಯನ್ನೆಲ್ಲ ಹೀರುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ.

ಬೂಟಿನ ಮೇಲೆ 600, 1200, 1600 ಗ್ರಾಂ ಎಂದು ಬರೆದಿದೆ. ಅಷ್ಟು ಭಾರವೇ?

ಬೂಟಿನ ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಳಗೆ ಹಾಕಿದ ಥಿನ್ಸುಲೇಟ್‌ನಂಥ ಹಾಸು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ನಡೆದಾಡುವವರಿಗೆ 600, ನಿಂತು ಕಾಯುವವರಿಗೆ 1000 ಅಥವಾ 1200, ಮಂಜುಗಡ್ಡೆ ಒಡೆದು ಇಳಿಯುವವರಿಗೆ 1600. ನಮ್ಮೂರಿನ ಯಾವ ನೀರಿಗೂ ಸೊನ್ನೆ.

ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿದರೂ ಪಾದ ಮರಗಟ್ಟುತ್ತದೆ ಎಂದು ತಮ್ಮ ಬರೆದಿದ್ದಾನೆ. ಬೂಟು ಕೆಟ್ಟದ್ದೇ?

ಎರಡನೆಯ ಜೊತೆಯೇ ಕಾರಣ ಇರಬಹುದು. ಬೂಟು ಬಿಗಿಯಾದರೆ ಉಣ್ಣೆಯೊಳಗಿನ ಗಾಳಿ ಹಿಂಡಿಹೋಗುತ್ತದೆ, ಪಾದದ ರಕ್ತಸಂಚಾರವೂ ಕಡಿಮೆಯಾಗುತ್ತದೆ. ಒಂದೇ ದಪ್ಪ ಜೊತೆ ಹಾಕಿ ಬೆರಳು ಆಡಿಸಲು ಬರುವಷ್ಟು ಜಾಗ ಇಟ್ಟುಕೊಳ್ಳಲು ಹೇಳಿ. ಜಾಗ ಇಲ್ಲದಿದ್ದರೆ ಮುಂದಿನ ಅಳತೆಯ ಬೂಟೇ ಪರಿಹಾರ. ನೀರಿಗೆ ಇಳಿಯುವ ಮೊದಲು ಕಾಲುಚೀಲ ಬದಲಿಸಲಿ. ಕಾರಿನಲ್ಲಿ ಹೀಟರ್ ಹಾಕಿ ಬಂದಾಗಲೇ ಪಾದ ಬೆವರಿರುತ್ತದೆ.

ಹೊಸ ವೇಡರ್. ಮೊದಲ ದಿನವೇ ಒಳಗೆ ಒದ್ದೆ. ಸೋರುತ್ತಿದೆಯೇ?

ನನ್ನ ಮೇಜಿಗೆ ಸೋರಿಕೆ ಎಂದು ಬರುವ ಹೊಸ ವೇಡರ್‌ಗಳಲ್ಲಿ ಬಹಳಷ್ಟಕ್ಕೆ ತೂತೇ ಇರುವುದಿಲ್ಲ. ಬೆವರು. ತಿಳಿಯುವುದು ಸುಲಭ: ಒದ್ದೆ ಎರಡೂ ಕಾಲಿನಲ್ಲಿ ಸಮನಾಗಿ, ತೊಡೆ, ಬೆನ್ನಿನವರೆಗೂ ಹರಡಿದ್ದರೆ ಬೆವರು; ಒಂದೇ ಕಾಲಿನಲ್ಲಿ, ಒಂದು ಕಡೆಯಿಂದ ಕೆಳಗೆ ಗೆರೆಯಾಗಿ ಇಳಿದಿದ್ದರೆ ತೂತು. ನಾಲಗೆಗೆ ತಾಗಿಸಿ ನೋಡುವವರೂ ಇದ್ದಾರೆ, ಆದರೆ ಅಳಿವೆಯ ನೀರೂ ಉಪ್ಪು, ಬೆವರೂ ಉಪ್ಪು.

ದುಬಾರಿ ಬ್ರೀದಬಲ್ ಕೊಂಡವರಿಗೆ ಹೆಚ್ಚು ಬೇಸರ. ಅಂಥ ಬಟ್ಟೆಯ ಪೊರೆಯಲ್ಲಿ ಹಬೆ ಹೊರಗೆ ಹೋಗಬೇಕಾದರೆ ಒಳಗಿನ ಹಬೆಯ ಒತ್ತಡ ಹೊರಗಿಗಿಂತ ಹೆಚ್ಚಿರಬೇಕು. ಒಣ ತಂಪು ಹವೆಯಲ್ಲಿ ಆ ಅಂತರ ದೊಡ್ಡದು. ಮಂಗಳೂರಿನ ಹವೆಯೇ ಅರ್ಧ ನೀರು, ಹೊಳೆಯ ನೀರೂ ಬೆಚ್ಚಗೆ. ಅಂತರ ಉಳಿಯುವುದೇ ಇಲ್ಲ. ಹಾಗೆಂದು ಅದು ಪಿವಿಸಿಗಿಂತ ಕೆಟ್ಟದ್ದೇನಲ್ಲ, ಹಗುರ, ಬಾಗಲು ಸುಲಭ. ಜಾಹೀರಾತಿನಲ್ಲಿ ಹೇಳಿದಷ್ಟು ಒಣಗಿರುತ್ತದೆ ಎಂಬ ಆಸೆ ಮಾತ್ರ ಬಿಡಬೇಕು.

## ಬಾಳಿಕೆ

ಯಾವುದು ಹೆಚ್ಚು ವರ್ಷ ಬರುತ್ತದೆ? ದಪ್ಪ ಇದ್ದಷ್ಟೂ ಒಳ್ಳೆಯದಲ್ಲವೇ?

ಅಂಗಡಿಯಲ್ಲಿ ಬಟ್ಟೆ ಮುಟ್ಟಿ ದಪ್ಪ ನೋಡುವವರೇ ಎಲ್ಲರೂ. ಬಟ್ಟೆಯ ನಡುವೆ ಹರಿದು ಬಂದ ವೇಡರ್ ಕಡಿಮೆ; ಬರುವುದು ಮೂರು ಜಾಗದಲ್ಲಿ ಸೋತವು: ತೊಡೆಸಂದಿನ ಹೊಲಿಗೆ, ಮೊಣಕಾಲಿನ ಮಡಿಕೆ, ಕಾಲು ಬೂಟಿಗೆ ಸೇರುವ ಬಳೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ವೇಡರ್ ಅನ್ನು ಒಳಮೈ ಹೊರಗೆ ಮಾಡಿ. ಹೊಲಿಗೆಯ ಮೇಲೆ ಅಂಟಿಸಿದ ಟೇಪು ತುದಿಯಿಂದ ತುದಿಗೆ ಒಂದೇ ಅಗಲ ಇದೆಯೇ ನೋಡಿ. ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರುವ ತೊಡೆಸಂದಿನಲ್ಲಿ ಟೇಪಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಲು ನೋಡಿ. ಎದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಆ ಬಿಂದುವಿನಿಂದ ಹೊಲಿಗೆಯನ್ನೇ ದೂರ ಸರಿಸಿ ಒಂದು ಅಗಲ ತುಂಡು ಕೂಡಿಸಿದ ವೇಡರ್ ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಡಬಹುದು.

ಪಿವಿಸಿಯಲ್ಲಿ ಹೊಲಿದು ಅಂಟಿಸಿದ್ದಕ್ಕಿಂತ ಬಿಸಿಯಿಂದ ಬೆಸೆದದ್ದು ಗಟ್ಟಿ. ಅಂಚಿನಲ್ಲಿ ದಾರ ಕಾಣದೆ ಸಪಾಟಾದ ಪಟ್ಟಿ ಕಂಡರೆ ಬೆಸೆದದ್ದು. ಪಿವಿಸಿಯ ವೈರಿ ಬಿಸಿಲು, ಕೊರೆಯುವ ಚಳಿ ಎರಡೂ. ಬಿಸಿಲಿಗೆ ಅದರೊಳಗಿನ ಮೆದುಗೊಳಿಸುವ ದ್ರವ್ಯ ಹೊರಟುಹೋಗಿ ಬಟ್ಟೆ ಸೆಟೆದುಕೊಳ್ಳುತ್ತದೆ, ಚಳಿಗೆ ಮಡಿಕೆಯಲ್ಲಿ ಸೀಳುತ್ತದೆ. ಕೆನಡಾದವರು ಇದನ್ನು ಮುಟ್ಟಲೇಬಾರದು. ನಿಯೋಪ್ರೀನ್ ತಂತಿಬೇಲಿಗೆ ಸಿಕ್ಕರೆ ಹರಿಯುತ್ತದೆ, ಆದರೆ ಅಷ್ಟೇ ಸುಲಭವಾಗಿ ಅಂಟುತ್ತದೆ. ಬ್ರೀದಬಲ್‌ಗೆ ಕಣ್ಣಿಗೆ ಕಾಣದ ಸೂಜಿತೂತುಗಳ ಕಾಟ. ಬೇಟೆಗಾರರಿಗೆ ಇನ್ನೂ ಒಂದಿದೆ: ನಾಯಿ. ನೀರಿನಿಂದ ಬಾತು ಕಚ್ಚಿ ತಂದ ನಾಯಿ ಯಜಮಾನನ ಮೇಲೆ ಮುಂಗಾಲು ಇಟ್ಟರೆ ಉಗುರಿನ ಗೀರು ತೊಡೆಯ ಮೇಲೇ ಬೀಳುತ್ತದೆ. ಅದಕ್ಕೇ ಅವರ ವೇಡರ್‌ನ ಮುಂಭಾಗಕ್ಕೆ ಎರಡನೆಯ ದಪ್ಪ ಬಟ್ಟೆ ಕೂಡಿಸಿರುತ್ತಾರೆ.

ಡೆನಿಯರ್ ಎಂದರೇನು? 900 ಒಳ್ಳೆಯದೋ 420 ಒಳ್ಳೆಯದೋ?

9000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಸಂಖ್ಯೆ ದೊಡ್ಡದಾದರೆ ನೂಲು ದಪ್ಪ. ಆದರೆ ಪಾಲಿಯೆಸ್ಟರ್‌ಗಿಂತ ನೈಲಾನ್ ಉಜ್ಜುವಿಕೆಯನ್ನು ಹೆಚ್ಚು ತಡೆಯುತ್ತದೆ. ಆದ್ದರಿಂದ ನೂಲು ಯಾವುದೆಂದು ನೋಡದೆ ಬರೀ ಸಂಖ್ಯೆ ಹೋಲಿಸಬೇಡಿ. ಮೊಣಕಾಲು ಮತ್ತು ಮೊಣಕಾಲಿನ ಕೆಳಗೆ ದಪ್ಪ ನೂಲು, ಮೇಲೆ ತೆಳು ನೂಲು ಇರುವುದು ಸರಿಯಾದ ಹಂಚಿಕೆ.

ಬೂಟು ಕೂಡಿಯೇ ಇರುವುದು ವಾಸಿಯೋ, ಬೇರೆ ಬೂಟು ಹಾಕುವಂಥದ್ದೋ?

ಕೂಡಿಯೇ ಇರುವುದು ಬೇಗ ಹಾಕಬಹುದು, ಬೇಗ ಬಿಚ್ಚಬಹುದು, ಒಳಗೆ ಗಾಳಿಗೆ ಜಾಗ ಇರುವುದರಿಂದ ಚಳಿಗೂ ಒಳ್ಳೆಯದು. ಕತ್ತಲಲ್ಲಿ, ಮರಗಟ್ಟಿದ ಬೆರಳಿನಲ್ಲಿ ಲೇಸು ಕಟ್ಟುವ ಗೋಳಿಲ್ಲ; ಹೆಚ್ಚಿನ ಬಾತು ಬೇಟೆಗಾರರು ಅದನ್ನೇ ಹಾಕುತ್ತಾರೆ.

ನಮ್ಮ ಅಳಿವೆಯ ಕೆಸರಿಗೆ ಅದೇ ಶಾಪ. ಉದ್ಯಾವರ ಹೊಳೆಯ ಬದಿಯ ಕಪ್ಪು ಕೆಸರಿನಲ್ಲಿ ಬೂಟು ಹೂತರೆ ಪಾದ ಒಳಗಿನಿಂದ ಜಾರಿ ಮೇಲೆ ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ, ನೀವು ಮಧ್ಯದಲ್ಲಿ ತಿರುಚಿ ನಿಲ್ಲುತ್ತೀರಿ. ಬಳೆಯ ಜೋಡಣೆ ಕಿತ್ತುಹೋಗುವುದೂ ಆಗಲೇ. ಕಾಲುಚೀಲದ ಆಕಾರದ ತುದಿಯಿರುವ ವೇಡರ್‌ಗೆ ಲೇಸಿನ ಬೂಟು ಬಿಗಿದು ಕಟ್ಟಿದರೆ ಕಣಕಾಲಿಗೂ ಹಿಡಿತ. ಲೇಸು ಕೊಂಡಿಗಳು ಪ್ಲಾಸ್ಟಿಕ್‌ನವೇ ಇರಲಿ. ಉಪ್ಪುನೀರಿನಲ್ಲಿ ಅಗ್ಗದ ಲೋಹದ್ದು ತುಕ್ಕು ಹಿಡಿದು ಲೇಸನ್ನೇ ಕತ್ತರಿಸುತ್ತದೆ.

ಆನ್‌ಲೈನ್‌ನಲ್ಲಿ ತರಿಸುವಾಗ ಅಳತೆ ಹೇಗೆ?

ಬೂಟಿನ ಅಳತೆ ಮೊದಲು ನೋಡಿ. ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಅಳತೆ, ಅಮೆರಿಕದ ಗಂಡಸರ ಅಳತೆ ಸುಮಾರು ಒಂದು ಹೆಚ್ಚು. ಇಲ್ಲಿ 8 ಎಂದರೆ ಅಲ್ಲಿ 9. ಆಮೇಲೆ ಒಳಗಾಲಿನ ಉದ್ದ, ಹೊಟ್ಟೆಯ ಸುತ್ತಳತೆ. ಹೊಟ್ಟೆಯ ವಿಷಯದಲ್ಲಿ ಸುಳ್ಳು ಹೇಳಿದರೆ ಶಿಕ್ಷೆ ತೊಡೆಸಂದಿನ ಹೊಲಿಗೆಗೆ.

ಬಂದ ಕೂಡಲೇ ಮನೆಯೊಳಗೆ ಹಾಕಿಕೊಂಡು ಒಂದು ಕಾಲನ್ನು ಕುರ್ಚಿಯ ಮೇಲಿಡಿ, ಕುಕ್ಕರಗಾಲಿನಲ್ಲಿ ಕುಳಿತು ಏಳಿ. ಹೆಗಲ ಪಟ್ಟಿ ಎಳೆದರೆ, ಮೊಣಕಾಲು ಬಿಗಿದರೆ ವಾಪಸು ಕಳಿಸಿ. ಬಟ್ಟೆ ತೀರಾ ಸಡಿಲವಾಗಿ ತೊಡೆಗೆ ತೊಡೆ ಉಜ್ಜಿದರೂ ಕೆಲವೇ ತಿಂಗಳಲ್ಲಿ ಅಲ್ಲಿ ಪೊರೆ ಸವೆಯುತ್ತದೆ. ಹೆಂಗಸರಿಗಾಗಿಯೇ ಹೊಲಿದವು ಈಗ ಸಿಗುತ್ತವೆ. ಗಂಡಸರ ಚಿಕ್ಕ ಅಳತೆ ತೆಗೆದುಕೊಂಡು ಹೊಂದಿಸಿಕೊಳ್ಳುವ ಅಗತ್ಯವಿಲ್ಲ.

ಎಲೆಬಣ್ಣದ ಚಿತ್ತಾರ ಇರುವುದೇ ಬೇಕೇ?

ಬೇಟೆಗೆ ಉಪಯೋಗ, ಬಾತಿನ ಕಣ್ಣು ಚುರುಕು. ಹಕ್ಕಿಯ ಫೋಟೊಕ್ಕೆ ಮಾಸಲು ಕಂದು ಅಥವಾ ಹಸಿರು ಸಾಕು, ಅಲುಗದೆ ನಿಲ್ಲುವುದು ಅದಕ್ಕಿಂತ ಮುಖ್ಯ. ಗಾಳದವರಿಗೆ ಯಾವುದಾದರೂ ಆದೀತು. ದೋಣಿಗಳು ಓಡಾಡುವ ಕಡೆ ದೂರಕ್ಕೆ ಕಾಣುವ ಬಣ್ಣವೇ ಮೇಲು.

## ಆರೈಕೆ, ತೇಪೆ

ತೂತು ಎಲ್ಲಿದೆ ಎಂದೇ ಸಿಗುತ್ತಿಲ್ಲ. ಹೇಗೆ ಹುಡುಕುತ್ತೀರಿ?

ಪಿವಿಸಿ, ನಿಯೋಪ್ರೀನ್ ಆದರೆ ರಾತ್ರಿ ದೀಪ ಆರಿಸಿ ಕಾಲಿನೊಳಗೆ ಟಾರ್ಚ್ ಇಳಿಸುತ್ತೇನೆ. ತೂತು ಇದ್ದಲ್ಲಿ ಬೆಳಕಿನ ಚುಕ್ಕೆ. ಅದೂ ಕಾಣದಿದ್ದರೆ ಸೊಂಟದ ಬಳಿ ಸುರುಳಿ ಸುತ್ತಿ ಗಾಳಿ ಒತ್ತಿ ಹಿಡಿದು, ಹೊರಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಬ್ರೀದಬಲ್‌ಗೆ ಒಳಮೈ ಹೊರಗೆ ಮಾಡಿ ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ ಸಿಂಪಡಿಸಬೇಕು. ಒಳ್ಳೆಯ ಪೊರೆಯ ಮೇಲೆ ಅದು ಸುಮ್ಮನೆ ನಿಲ್ಲುತ್ತದೆ, ತೂತಿದ್ದಲ್ಲಿ ಇಳಿದು ಕಪ್ಪು ಚುಕ್ಕೆ ಮೂಡುತ್ತದೆ. ಕೂಡಲೇ ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ, ಒಣಗಿದರೆ ಚುಕ್ಕೆ ಮಾಯ. ಬೀಡಿ ಸೇದುವವರನ್ನು ಆ ಹೊತ್ತಿಗೆ ದೂರ ಕಳಿಸಿ.

ಇಡೀ ಕಾಲಿಗೆ ನೀರು ತುಂಬಿ ನೇತುಹಾಕುವ ಪದ್ಧತಿ ಇದೆ. ಅಷ್ಟು ಭಾರಕ್ಕೆ ಇದ್ದ ಒಳ್ಳೆಯ ಹೊಲಿಗೆಯೂ ಸಡಿಲವಾಗುತ್ತದೆ.

ಸೈಕಲ್ ಪಂಕ್ಚರ್ ತೇಪೆ ಹಾಕಿದರೆ ಆಗದೇ?

ರಬ್ಬರ್ ಬೂಟಿಗೆ ಚೆನ್ನಾಗಿಯೇ ಆಗುತ್ತದೆ, ಉಪ್ಪುಕಾಗದದಲ್ಲಿ ಉಜ್ಜಿ, ಗಮ್ ಹಚ್ಚಿ, ಅಂಟಂಟಾಗುವವರೆಗೆ ಕಾದು ಒತ್ತಿದರೆ. ಪಿವಿಸಿಗೆ ಅದು ಹಿಡಿಯುವುದಿಲ್ಲ, ಪಿವಿಸಿಯದೇ ಅಂಟು, ಪಿವಿಸಿಯದೇ ತುಂಡು ಬೇಕು. ನಿಯೋಪ್ರೀನ್ ಸೀಳಿಗೆ ಕಪ್ಪು ನಿಯೋಪ್ರೀನ್ ಸಿಮೆಂಟ್: ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, ಒಣಗಲು ಬಿಟ್ಟು, ಮತ್ತೊಮ್ಮೆ ಹಚ್ಚಿ ಆಮೇಲೆ ಕೂಡಿಸುವುದು. ಬ್ರೀದಬಲ್‌ನ ಸೂಜಿತೂತಿಗೆ ಅಕ್ವಾಸೀಲ್‌ನಂಥ ಯುರೇಥೇನ್ ಅಂಟಿನ ಒಂದು ಹನಿ, ಬೆರಳಿನಲ್ಲಿ ನಾಣ್ಯದಷ್ಟು ಅಗಲಕ್ಕೆ ಸವರಿ ರಾತ್ರಿಯಿಡೀ ಮುಟ್ಟದೆ ಬಿಡಿ. ಆ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಒಮ್ಮೆ ತೆರೆದ ಟ್ಯೂಬು ನಮ್ಮ ಹವೆಯಲ್ಲಿ ಬೇಗ ಕಲ್ಲಾಗುತ್ತದೆ. ಮುಚ್ಚಳ ಬಿಗಿದು ಫ್ರಿಜ್‌ನ ಐಸ್ ಪೆಟ್ಟಿಗೆಯಲ್ಲಿಡಿ, ಮೀನಿನ ಪಕ್ಕದಲ್ಲಿ ಎಂದು ಮನೆಯಲ್ಲಿ ಬೈಸಿಕೊಳ್ಳುವುದಿದ್ದರೂ ಸರಿ.

ಜೂನ್‌ನಲ್ಲಿ ಮಡಚಿಟ್ಟದ್ದು ಸೆಪ್ಟೆಂಬರ್‌ನಲ್ಲಿ ತೆಗೆದರೆ ಬೂಷ್ಟು, ಮಡಿಕೆಯಲ್ಲಿ ಬಿರುಕು. ಏನು ಮಾಡಬೇಕು?

ಮಡಚದೆ ಇಡಬೇಕು. ಉಪ್ಪು ಹೋಗುವಂತೆ ಬಾವಿ ನೀರಿನಲ್ಲಿ ತೊಳೆದು, ಹೊರಮೈ ಒಣಗಿದ ಮೇಲೆ ಒಳಮೈ ತಿರುಗಿಸಿ ನೆರಳಿನಲ್ಲಿ ಒಣಗಿಸಿ. ಬೂಟಿನ ಒಳಗೆ ಹಳೆಯ ಪತ್ರಿಕೆ ತುರುಕಿ, ಮರುದಿನ ಬದಲಿಸಿ. ಆಮೇಲೆ ಬೂಟು ಮೇಲಾಗುವಂತೆ ನೇತುಹಾಕಿ. ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಕಪಾಟು ಬೂಷ್ಟಿನ ತವರು, ಫ್ಯಾನಿನ ಗಾಳಿ ಆಡುವ ಮೂಲೆ ವಾಸಿ. ಪಂಪಿನ ಮೋಟಾರ್ ಇರುವ ಕೋಣೆ ಬೇಡ. ಮೋಟಾರಿನ ಕಿಡಿಯಿಂದ ಹುಟ್ಟುವ ಓಜೋನ್ ರಬ್ಬರನ್ನು ಸೀಳಿಸುತ್ತದೆ. ಜಿಪ್ ಇರುವ ವೇಡರ್ ಆದರೆ ಜಿಪ್ಪಿಗೆ ಅದರದೇ ಮೇಣ ಸವರಿ ಇಡಿ.

## ಪಳಗಿದವರು ಕೇಳುವವು

ವೇಡರ್‌ಗೆ ನೀರು ತುಂಬಿದರೆ ಅದೇ ನಮ್ಮನ್ನು ಮುಳುಗಿಸುತ್ತದಂತೆ, ನಿಜವೇ?

ಹೊರಗೂ ನೀರು, ಒಳಗೂ ನೀರು. ನೀರಿನೊಳಗೆ ನೀರಿಗೆ ಭಾರ ಇಲ್ಲ. ಕೆಳಕ್ಕೆ ಎಳೆಯುವುದಿಲ್ಲ. ಕಷ್ಟ ಬರುವುದು ಈಜುವಾಗ ಮತ್ತು ದಡ ಹತ್ತುವಾಗ, ಆಗ ಒಳಗಿನ ನೀರೆಲ್ಲ ಭಾರವೇ. ಅದಕ್ಕೇ ಸೊಂಟದ ಮೇಲೆ ಹೊರಗಿನಿಂದ ಬೆಲ್ಟು ಬಿಗಿಯಬೇಕು, ಬಿದ್ದರೂ ನೀರು ಮೆಲ್ಲನೆ ಒಳಗೆ ಬರುತ್ತದೆ. ಹೆಗಲ ಪಟ್ಟಿಯ ಕೊಂಡಿ ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು. ಗಂಟು ಹಾಕಿಕೊಂಡವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಿದ್ದರೆ ಬೆನ್ನಡಿಯಾಗಿ ಮಲಗಿ, ಕೈಯಲ್ಲಿ ಹುಟ್ಟು ಹಾಕುತ್ತಾ ದಡಕ್ಕೆ.

ನಮ್ಮ ಹೊಳೆಗಳಲ್ಲಿ ಬೀಳುವುದಕ್ಕೆ ಮುಖ್ಯ ಕಾರಣ ಮರಳು ತೆಗೆದ ಗುಂಡಿ. ಕಳೆದ ವರ್ಷ ಮೊಣಕಾಲಿದ್ದ ಜಾಗ ಈ ವರ್ಷ ಎರಡಾಳು. ಬಿದಿರಿನ ಕೋಲಿನಿಂದ ಮುಂದಿನ ನೆಲ ತಟ್ಟಿಯೇ ಹೆಜ್ಜೆ ಇಡಿ. ಅಳಿವೆ ಬಾಗಿಲಿನಲ್ಲಿ ಇಳಿತದ ಸೆಳೆತ ಇರುವಾಗ ವೇಡರ್ ಹಾಕಿ ಇಳಿಯಲೇಬೇಡಿ. ಜೀವರಕ್ಷಕ ಜಾಕೆಟ್ ಮೇಲೆ ಹಾಕಿಕೊಂಡರೆ ನಾಚಿಕೆಪಡುವಂಥದ್ದೇನೂ ಇಲ್ಲ.

ತಣ್ಣೀರಿನ ದೇಶದವರಿಗೆ ಲೆಕ್ಕವೇ ಬೇರೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಪ್ರಚಾರ ಮಾಡಿದ 1-10-1 ಎಂಬ ಸೂತ್ರ ಇದೆ: ಹೆಪ್ಪುಗಟ್ಟುವ ನೀರಿಗೆ ಬಿದ್ದರೆ ಏದುಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವವರೆಗೆ ಸುಮಾರು ಒಂದು ಗಂಟೆ. ಮೊದಲ ನಿಮಿಷದಲ್ಲಿ ಈಜಲು ಹೋಗದೆ ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು. ಒಬ್ಬನೇ ಹೋಗಬಾರದು.

ಅಲ್ಲಿ ಬಳಸಿದ ವೇಡರ್ ಊರಿಗೆ ತರಬಹುದೇ?

ತರಬಹುದು, ಕೆಸರು ಸಮೇತ ಅಲ್ಲ. ಒಂದು ಕೆರೆಯ ಪಾಚಿ, ಬಸವನಹುಳು, ರೋಗಾಣು ಇನ್ನೊಂದು ಕೆರೆಗೆ ಹೋಗುವುದು ಬೂಟಿನ ಅಡಿಯಲ್ಲೇ. ಅಡಿಗೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಹಚ್ಚಿದ ಬೂಟುಗಳು ಒಣಗಲು ಬಹಳ ಹೊತ್ತು ಹಿಡಿಯುವುದರಿಂದ ಅಮೆರಿಕದ ಮೇರಿಲ್ಯಾಂಡ್‌ನಂಥ ಕೆಲವು ರಾಜ್ಯಗಳು ಅವನ್ನು ನಿಷೇಧಿಸಿದವು. ಉಜ್ಜಿ, ತೊಳೆದು, ನೀರು ಬಸಿದು, ಸಂಪೂರ್ಣ ಒಣಗಿಸಿ ಪೆಟ್ಟಿಗೆಗೆ ಹಾಕಲಿ.

ಒಂದೇ ವೇಡರ್ ಅಲ್ಲಿಗೂ ಇಲ್ಲಿಗೂ ಆಗುವಂಥದ್ದು ಇಲ್ಲವೇ?

ಹತ್ತಿರ ಬರುವುದು ಒಂದೇ: ಸ್ವಲ್ಪ ಸಡಿಲವಾದ, ಒಳಪದರ ಬಿಚ್ಚಬಹುದಾದ, ಬೂಟು ಬೇರೆಯಾಗಿರುವ ಬ್ರೀದಬಲ್ ವೇಡರ್. ಅಲ್ಲಿ ಪದರ ಹಾಕಿ, ಒಂದು ಅಳತೆ ದೊಡ್ಡ ಬೂಟಿನೊಳಗೆ ದಪ್ಪ ಉಣ್ಣೆ. ಇಲ್ಲಿ ಪದರ ತೆಗೆದು, ಹಗುರ ಬೂಟು. ಆದರೂ ಡಿಸೆಂಬರಿನ ಮಂಜುಗಡ್ಡೆಗೆ ಅದು ಸಾಲದು, ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಹೆಚ್ಚಾಯಿತು. ರಜೆಗೆ ಬಂದ ಮಗ ಹದಿನೈದು ದಿನ ಗಾಳ ಹಾಕುವುದಕ್ಕಾದರೆ ಇಲ್ಲೇ ಯಾರದ್ದಾದರೂ ಪಿವಿಸಿ ವೇಡರ್ ಕಡ ಕೇಳಲಿ. ವಾಪಸು ಕೊಡುವ ಮೊದಲು ಒಳಮೈ ಒಣಗಿಸಿ ಕೊಡಲಿ.